ಶಾಂತಕ್ಕನ ಕಡಕ್ ರೊಟ್ಟಿ ಮತ್ತು ನನ್ನ ಹಳದಿ ಬುಶ್

ಗಾಡಿ ರಿಪೇರಿ ಎಂದರೆ ನನಗೆ ನೀರು ಕುಡಿದಷ್ಟು ಸಲೀಸು. ಓದಿದ್ದು ಏಳನೇ ಇಯತ್ತೆಯಾದರೇನು? ಮುಂಬಯಿಯ ಗುಂಡಿಗಳಲ್ಲಿ ನೀರಿನ ಟ್ಯಾಂಕರ್ ಓಡಿಸಿ ಪಳಗಿದವನು! ಹಾಗೆಂದು ನಾನು ನಂಬಿದ್ದೆ. ಪಾಪ, ನನ್ನ ಅಕ್ಕ ಶಾಂತಕ್ಕನೂ ಅರ್ಧಂಬರ್ಧ ನಂಬಿದ್ದಳು.

ಆಂಟಾಪ್ ಹಿಲ್‌ನ ನಮ್ಮ ಕಾಲನಿಯಲ್ಲಿ ಶಾಂತಕ್ಕನ ಕಡಕ್ ರೊಟ್ಟಿ ಹೆಸರುವಾಸಿ. ಹಪ್ಪಳದಷ್ಟು ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಪೇರಿಸಿಟ್ಟ ಜೋಳದ ರೊಟ್ಟಿ. ಹತ್ತಿರ ನಿಂತು ಸೀನಿದರೆ ಅಂಚು ಮುರಿಯುತ್ತದೆ. ಅದನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಅವಳ ಬಳಿ ಒಂದು ಹಳೆಯ ಕಾರಿದೆ. ನನ್ನ ರಜೆಯ ದಿನ ಅದಕ್ಕೆ ನಾನೇ ಸಾರಥಿ.

ಈ ಸಲ ಪವಾಯಿಯ ದೊಡ್ಡ ಟವರಿನಲ್ಲಿ ಒಂದು ಗೃಹಪ್ರವೇಶ. ಮನೆಯೊಡತಿ ವಸುಧಾ ಮೇಡಂ ಮೈಸೂರು ಕಡೆಯವರು. ಊಟಕ್ಕೆ ರೊಟ್ಟಿಯೇ ಬೇಕೆಂದು ಹೇಳಿದ್ದರು. ಈ ಒಂದು ಊಟ ಗೆದ್ದರೆ ಆ ಟವರುಗಳ ಅಷ್ಟೂ ಕನ್ನಡದ ಮನೆಗಳು ಅಕ್ಕನ ಗಿರಾಕಿಗಳಾಗುತ್ತವೆ. ವಾರವಿಡೀ ಬಡಿದೂ ಬಡಿದೂ ಅವಳ ಅಂಗೈ ಕೆಂಪಾಗಿತ್ತು.

ಕಾರು ಮಾತ್ರ ಗುಂಡಿ ಸಿಕ್ಕಲ್ಲೆಲ್ಲ 'ಕಟಕ್ ಕಟಕ್' ಎನ್ನುತ್ತಿತ್ತು. ಮೆಕ್ಯಾನಿಕ್ ಅನ್ವರ್ ಭಾಯಿ ಗಾಡಿಯ ಕೆಳಗೆ ನುಸುಳಿ ನೋಡಿ, ಬುಶ್ ಸವೆದಿದೆ ಎಂದ. ಬುಶ್ ಅಂದರೆ ಚಕ್ರ ಹಿಡಿದ ತೋಳು ಗಾಡಿಗೆ ಸೇರುವಲ್ಲಿ ಕೂರುವ ರಬ್ಬರಿನ ಬಳೆ. ಗುಂಡಿಯ ಪೆಟ್ಟನ್ನು ತಾನು ತಿಂದು ನಮ್ಮನ್ನು ಉಳಿಸುವ ಪುಣ್ಯಾತ್ಮ.

"ತಮ್ಮಾ, ಹಿಂದ ಇದ್ದಂಥಾದ್ದ ಹಾಕಸ್ಕೊಂಡ ಬಾ. ನಿನ್ನ ಶಾಣ್ಯಾತನ ತೋರ್ಸಬ್ಯಾಡ," ಎಂದಳು ಅಕ್ಕ.

ಶಾಣ್ಯಾತನ ಇದ್ದವನು ತೋರಿಸದೆ ಇರುವುದು ಹೇಗೆ?

ಅನ್ವರ್ ಭಾಯಿಯ ಅಂಗಡಿಯಲ್ಲಿ ಎರಡು ಬಗೆಯ ಬುಶ್ ಇದ್ದವು. ಒಂದು ಕಪ್ಪು ರಬ್ಬರಿನದು. ಉಗುರು ಊರಿದರೆ ಒಳಗೆ ಹೋಗುತ್ತಿತ್ತು. ಇನ್ನೊಂದು ಹಳದಿ. ಹಲ್ಲಿನಿಂದ ಕಚ್ಚಿ ನೋಡಿದೆ. ಹಲ್ಲೇ ಅಲುಗಿತು!

"ಯೇ ರೇಸ್‌ವಾಲೋಂ ಕಾ ಹೈ ಭಾಯಿ," ಎಂದ ಅನ್ವರ್ ಭಾಯಿ. "ಕಾಲಾವಾಲಾ ಲಗಾ. ಆರಾಮ್ ಮಿಲೇಗಾ." ಹಳದಿಯದು ರೇಸಿನವರಿಗಂತೆ, ಕಪ್ಪು ಹಾಕಿಸಿದರೆ ಮೈಗೆ ಸುಖವಂತೆ.

"ಆರಾಮ್ ನಹೀಂ ಮಂಗತಾ. ಮಜಬೂತ್ ಮಂಗತಾ!" ಎಂದೆ. ಟ್ಯಾಂಕರಿನವನ ಪ್ರಕಾರ ಲೋಕದಲ್ಲಿ ಗಟ್ಟಿಯಾದದ್ದೇ ಒಳ್ಳೆಯದು.

ಅನ್ವರ್ ಭಾಯಿ ಹಳದಿ ಬುಶ್ ಕೂರಿಸಿ ಚಹಾಕ್ಕೆ ಹೋದ. ಸುಮ್ಮನೆ ಕೂರಲಾರದೆ ನಾನೇ ಪಾನಾ ಹಿಡಿದು, ಜಾಕಿನ ಮೇಲೆ ತೂಗುತ್ತಿದ್ದ ಗಾಡಿಯ ಬೋಲ್ಟುಗಳನ್ನು ಪೂರ್ತಿ ಬಿಗಿದೆ. ಜಾಕ್ ಇಳಿಸಿದರೂ ಕಾರು ಇಳಿಯಲಿಲ್ಲ. ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯನಂತೆ ಮೂತಿ ಮೇಲೆತ್ತಿಕೊಂಡು ನಿಂತಿತು.

"ಅರೇ, ಚಕ್ಕಾ ಜಮೀನ್ ಪೆ ಆನೇ ಕೆ ಬಾದ್ ಟೈಟ್ ಕರತೇ!" ಎಂದು ಅನ್ವರ್ ಭಾಯಿ ಹಣೆ ಬಡಿದುಕೊಂಡ. ಚಕ್ರ ನೆಲಕ್ಕೆ ಕೂತ ಮೇಲೆ ಬಿಗಿಯಬೇಕಿತ್ತಂತೆ. ಎಲ್ಲ ಬಿಚ್ಚಿ ಮತ್ತೆ ಬಿಗಿಯೋಣ ಎಂದ. ನಾನು ಬಿಡಲಿಲ್ಲ. ಗಾಡಿ ಎತ್ತರವಿದ್ದರೆ ಗುಂಡಿ ತಾಗುವುದೇ ಇಲ್ಲವಲ್ಲ!

ಮರುದಿನ ಬೆಳಿಗ್ಗೆ ರೊಟ್ಟಿಯ ಡಬ್ಬಿಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹೊರಟೆವು. 'ಕಟಕ್' ಸದ್ದು ಮಾಯವಾಗಿತ್ತು. ಅಕ್ಕ ಮೆಚ್ಚುಗೆಯಿಂದ ನನ್ನತ್ತ ನೋಡಿದಳು. ಆಗಲೇ ಮೊದಲನೇ ಸ್ಪೀಡ್ ಬ್ರೇಕರ್ ಬಂತು.

ಇಬ್ಬರ ತಲೆಯೂ ಮೇಲಿನ ತಗಡಿಗೆ ಬಡಿಯಿತು. ಹಿಂದಿನಿಂದ 'ಕರುಂ' ಎಂದು ಸದ್ದಾಯಿತು.

"ಏನಲೇ ಅದು?"

"ಡಬ್ಬಿಬೇ ಅಕ್ಕಾ."

"ಡಬ್ಬಿ ಅಲ್ಲ, ನನ್ನ ರೊಟ್ಟಿ ಅದು! ಮೆಲ್ಲಕ ಹೊಡಿ!"

ಎಷ್ಟು ಮೆಲ್ಲಗೆ? ದಾರಿಯಲ್ಲಿ ಬಿದ್ದ ಬೀಡಿ ತುಂಡಿನ ಮೇಲೆ ಚಕ್ರ ಹೋದರೂ ಅದು ಯಾವ ಕಂಪನಿಯ ಬೀಡಿ ಎಂದು ಬೆನ್ನುಮೂಳೆಗೆ ತಿಳಿಯುತ್ತಿತ್ತು. ಸಾಯನ್ ದಾಟುವಾಗ 'ಕರುಂ'. ವಿಕ್ರೋಳಿಯಲ್ಲಿ 'ಕರುಂ ಕರುಂ'.

"ಇನ್ನೂ ಮೆಲ್ಲಕ ಅಂದ್ನೆಲ್ಲೋ!"

"ನಿಂತೀನಬೇ ಅಕ್ಕಾ, ಸಿಗ್ನಲ್ ಐತಿ!"

ನಿಂತಲ್ಲೂ ಗಾಡಿ ಮಲೇರಿಯಾ ಬಂದಂತೆ ನಡುಗುತ್ತಿತ್ತು. ಪವಾಯಿ ಬರುವಷ್ಟರಲ್ಲಿ ಹಿಂದಿನ ಸದ್ದು ಪೂರಾ ನಿಂತುಹೋಯಿತು. ಮುರಿಯಲು ಏನೂ ಉಳಿದಿರಲಿಲ್ಲ.

ಮೇಲೆ ಹೊಸ ಮನೆಯಲ್ಲಿ ಡಬ್ಬಿ ತೆರೆದರೆ ರವೆ! ವಸುಧಾ ಮೇಡಂ ಇಣುಕಿ, "ರೊಟ್ಟಿ ಎಲ್ರೀ ಶಾಂತಾ?" ಎಂದರು. ಅಕ್ಕ ತನ್ನ ಕೆಂಪು ಅಂಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕೈ ಮುಚ್ಚಿಕೊಂಡದ್ದನ್ನು ತಡೆದುಕೊಳ್ಳಲಾಗಲಿಲ್ಲ. ಟವರಿನಿಂದ ಹಾರೋಣವೆಂದರೆ ಕಿಟಕಿಗಳಿಗೆಲ್ಲ ಗ್ರಿಲ್ಲು!

ಆಮೇಲೆ ಅಕ್ಕ ತಲೆಯೆತ್ತಿದಳು. "ಮೇಡಮ್ಮರ, ಉಳ್ಳಾಗಡ್ಡಿ ಅದಾವೇನ್ರಿ? ಮಜ್ಜಿಗಿ? ಶೇಂಗಾ? ಲೇ ತಮ್ಮಾ, ನಿಂತೀ ಯಾಕ, ಹೆಚ್ಚು!"

ಪುಡಿಗೆ ಮಜ್ಜಿಗೆ ಚಿಮುಕಿಸಿ, ನಾನು ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು, ಮೇಲೆ ಹುರಿದ ಶೇಂಗಾ ಉದುರಿಸಿದಳು. ನಮ್ಮೂರಲ್ಲಿ ಮುರಿದ ರೊಟ್ಟಿಗೆ ಇದೇ ಗತಿ. ಆದರೆ ಪವಾಯಿಗೆ ಅದು ಹೊಸದು. ಪಂಕ್ತಿಯಲ್ಲಿ ಎರಡನೇ ಸಲ, ಮೂರನೇ ಸಲ ಬಡಿಸಿಕೊಂಡರು. ಪಕ್ಕದ ಫ್ಲ್ಯಾಟಿನವರು ಅಲ್ಲೇ ಅಕ್ಕನಿಗೆ ತಮ್ಮ ಮನೆಯ ನಾಮಕರಣದ ಊಟ ಒಪ್ಪಿಸಿದರು.

ವಸುಧಾ ಮೇಡಂ ಅವರ ತಂದೆ ಸನ್ಮಾನಪ್ರಿಯರು. ಶಾಲು ಹಿಡಿದುಕೊಂಡೇ ಬಂದರು. "ಪುಡಿ ಇಷ್ಟು ಹದವಾಗಿ ಹೇಗಮ್ಮಾ ಮಾಡಿದಿರಿ? ಮಿಕ್ಸಿಯಲ್ಲಿ ಬರಲ್ಲ ಇದು!"

"ನಂದೇನಿಲ್ರಿ ಅಜ್ಜಾರ," ಎಂದಳು ಅಕ್ಕ ಹಲ್ಲು ಕಚ್ಚಿ. "ಎಲ್ಲಾ ಇವನ ಕೈಚಳಕ."

ಚಪ್ಪಾಳೆ! ಶಾಲು ನನ್ನ ಹೆಗಲಿಗೆ ಬಿತ್ತು. ಎದ್ದು ನಿಂತು ಕೈಮುಗಿದೆ. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ, ಸಾಯನ್ನಿನಲ್ಲೇ ಹಿಡಿದುಕೊಂಡಿತ್ತು. ಅರ್ಧ ಬಗ್ಗಿಯೇ ನಿಂತೆ. ಜನ ಅದನ್ನು ವಿನಯ ಎಂದುಕೊಂಡು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ಕೆಳಗೆ ಕಾರಿನ ಬಾಗಿಲು ತೆಗೆಯುತ್ತಲೇ ಅಕ್ಕ ನನ್ನ ಹೆಗಲಿನ ಶಾಲನ್ನು ಎಳೆದುಕೊಂಡಳು. ನಾಲ್ಕು ಮಡಿಕೆ ಮಾಡಿ ಸೀಟಿಗೆ ಹಾಸಿದಳು. ನನ್ನ ಜನ್ಮದ ಮೊದಲ ಸನ್ಮಾನದ ಮೇಲೆ ಭದ್ರವಾಗಿ ಕೂತು ಹೇಳಿದಳು:

"ಹೂಂ, ಈಗ ಹೊಡಿ. ಸೀದಾ ಅನ್ವರ್ ಭಾಯಿ ಕಡೆ!"