ಮಹಡಿ ಮೇಲಿನ ಮಂತ್ರಿ, ದಂಡನಾಯಕ

ನಮ್ಮನೇಲಿ ಒಂದು ಭಾನುವಾರ ತಣ್ಣಗೆ ಕಳೆದದ್ದು ನನಗೆ ನೆನಪಿಲ್ಲ. ಜಗಳ ತಾನಾಗೇ ಬರದಿದ್ರೆ ನಂಜನಗೂಡಿನ ಬಸ್‌ಸ್ಟ್ಯಾಂಡಲ್ಲಿ ಇಳಿದು ಯಾರಾದ್ರೂ ಮನೆ ಬಾಗಿಲಿಗೇ ತಂದುಕೊಡ್ತಾರೆ. ಆ ವರ್ಷ ತಂದವನು ಮಹಡಿಗೆ ಬಾಡಿಗೆಗೆ ಬಂದ ಫ್ಯಾಕ್ಟ್ರಿ ಇಂಜಿನಿಯರು.

ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡೋನು ನಾಡಕಚೇರೀಲಿ ಗುಮಾಸ್ತ, ಚಿಕ್ಕೋನದು ಮೋಟ್ರು ರಿಪೇರಿ. ಚಿಕ್ಕೋನ ಮದುವೇಲಿ ದೊಡ್ಡೋನ ಮಾವನ್ನ ಮೊದಲನೇ ಪಂಕ್ತೀಲಿ ಕೂರಿಸಲಿಲ್ಲ ಅಂತ ಶುರುವಾಗಿ, ನಡುಮನೆಗೆ ಗೋಡೆ ಎದ್ದು, ಏಳು ವರ್ಷ ಅಣ್ಣತಮ್ಮ ಮಾತಾಡಿರಲಿಲ್ಲ. ನಾನು ಮುಂದಿನ ಕೋಣೇಲಿದ್ದು ಆ ಕಡೆ ಮಾತು ಈ ಕಡೆ, ಈ ಕಡೆ ಮಾತು ಆ ಕಡೆ ಸಾಗಿಸ್ತಿದ್ದೆ. ಒಗ್ಗರಣೆ ಹಾಕ್ತಿದ್ದೆ ಅಂತಾರೆ ಸೊಸೆಯಂದಿರು. ಬೇಯಿಸಿದ್ದನ್ನ ಹಾಗೇ ಬಡಿಸೋಕೆ ನಾನೇನು ಆಸ್ಪತ್ರೆ ಅಡುಗೆಯವಳೇ? ಆದ್ರೂ ಹೆತ್ತ ಹೊಟ್ಟೆ. ನಾನು ಕಣ್ಣು ಮುಚ್ಚೋದ್ರೊಳಗೆ ಒಬ್ಬನನ್ನೊಬ್ಬ ಒಂದು ಸಲ ಬಾಯಿತುಂಬ ಕರೆದ್ರೆ ಸಾಕು ಅಂತ ಇತ್ತು.

ಗುಹೆಯ ಪಹಣಿ

ಇಂಜಿನಿಯರ ಆಟ ವಿಚಿತ್ರ. ಒಬ್ಬ ಕತೆ ನಡೆಸ್ತಾನೆ, ಮಿಕ್ಕೋರು ಒಂದೊಂದು ಪಾತ್ರ ಹಿಡಿದು ಕೂತಲ್ಲೇ ಮಾತಾಡ್ತಾರೆ, ಗೆಲುವು ಸೋಲು ದಾಳ ಹೇಳುತ್ತೆ. ನಾಟಕ ಅನ್ನೋಣ ಅಂದ್ರೆ ಬಣ್ಣ ಇಲ್ಲ, ಪಗಡೆ ಅನ್ನೋಣ ಅಂದ್ರೆ ಹಾಸು ಇಲ್ಲ. ಮನೆ ಸಂಗತಿ ತಿಳೀದೆ ಅವನು ನನ್ನ ಮಕ್ಕಳಿಬ್ಬರನ್ನೂ ಕರೆದುಬಿಟ್ಟ. ಜೊತೆಗೆ ಸೋಸಲೆಯಿಂದ ಬಸ್ಸಲ್ಲಿ ಬರೋ ಒಬ್ಬ ಟೀಚರಮ್ಮ. ಅಣ್ಣ ತಮ್ಮನ್ನ ನೋಡಿದ, ತಮ್ಮ ಅಣ್ಣನ್ನ ನೋಡಿದ. ಮೊದಲು ಎದ್ದೋನು ಸೋತಂಗೆ ಅಂತ ಇಬ್ಬರೂ ಕೂತರು. ನಾನು ಮೊರ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತೆ. ಅಕ್ಕೀಲಿ ಕಲ್ಲು ಆರಿಸೋಕೆ ಅಲ್ಲೇ ಬೆಳಕು ಚೆನ್ನಾಗಿರೋದು.

"ಮುಂದೆ ಗುಹೆ, ಬಾಗಿಲು ಮುಚ್ಚಿದೆ" ಅಂದ ಇಂಜಿನಿಯರು.

"ಒದೀತೀನಿ" ಅಂದ ದಂಡನಾಯಕನಾಗಿದ್ದ ಚಿಕ್ಕೋನು.

ದೊಡ್ಡೋನು ಮಂತ್ರಿ. "ಸರ್ವೆ ನಂಬರ್ ಎಷ್ಟು? ಪಹಣಿ ಯಾರ ಹೆಸರಲ್ಲಿದೆ? ಸರ್ಕಾರಿ ಸ್ವತ್ತು ಒದೀಬಾರ್ದು ಅಂತ ಆ ಕಡೆ ಕೂತಿರೋರಿಗೆ ಹೇಳಿ ಸಾ."

ಇಂಜಿನಿಯರು ಬೆವರೊರೆಸಿಕೊಂಡ. "ನಾನು ಹೇಳೋ ಹಾಗಿಲ್ಲ. ಮಂತ್ರೀನೇ ದಂಡನಾಯಕನಿಗೆ ಹೇಳ್ಬೇಕು. ಇದು ನಿಯಮ."

ನಿಯಮ ಅಂದ್ರೆ ದೊಡ್ಡೋನು ಬಾವಿಗಾದ್ರೂ ಬೀಳ್ತಾನೆ. ಗೋಡೆ ನೋಡ್ಕೊಂಡು, "ದಂಡನಾಯಕರೇ, ಕಾಲು ಇಳಿಸಿ" ಅಂದ.

"ತಾವು ಅರ್ಜಿ ಬರೀತಿರಿ ಮಂತ್ರಿಗಳೇ, ಅಷ್ಟರಾಗೆ ನಾನು ಒದ್ದು ಬತ್ತೀನಿ."

ನನ್ನ ಮೊರ ಕೈ ಜಾರಿ, ಅಕ್ಕಿಯೆಲ್ಲ ಮೆಟ್ಟಿಲಿಳಿದು ಬೀದಿ ಸೇರಿತು. ಏಳು ವರ್ಷಕ್ಕೆ ಆಡಿದ ಮೊದಲನೇ ಮಾತು. ಜಗಳವೇ ಆದ್ರೂ ಬಹುವಚನದಲ್ಲಿತ್ತಲ್ಲ.

ರಾಕ್ಷಸನ ಸಂಸಾರ

ಕತೆ ನಡೆಸೋನ ಪಾಡು ನಾಯಿಗೂ ಬೇಡ. ಚಿಕ್ಕೋನಿಗೆ ಹೊಡೆದಾಟ ಬೇಕು, ದೊಡ್ಡೋನಿಗೆ ವಿಚಾರಣೆ ಬೇಕು, ಟೀಚರಮ್ಮನಿಗೆ ಎದುರಿಗೆ ಸಿಕ್ಕೋರ ಕಷ್ಟಸುಖ ಬೇಕು. ಗುಹೆಯಿಂದ ರಾಕ್ಷಸ ಹೊರಗೆ ಬಂದ ಕೂಡಲೆ ಆಯಮ್ಮ, "ಯಾಕಪ್ಪಾ ಇಷ್ಟು ಕೋಪ?" ಅಂದ್ಲು. ಚಿಕ್ಕೋನು ದಾಳ ಬಿಸಾಕಿ, "ಇದು ಮಾತಾಡೋ ಆಟ ಆದ್ರೆ ನಾ ಹೊಂಟೆ" ಅಂತ ಎದ್ದ. ಅವನು ಎದ್ದರೆ ಮಾತೂ ಎದ್ದಂಗೆ. ಇಂಜಿನಿಯರೋ ಉರುಳಿದ ದಾಳ ಹುಡುಕ್ತಿದ್ದ.

ನಾನೇ ಮೆಟ್ಟಿಲಿಂದ ಹೇಳಿದೆ. "ಕೋಪ ಬರದೆ ಏನು? ಹೆಂಡತಿ ತೌರಿಗೆ ಹೋಗವ್ಳೆ. ಇವನು ನರಸೀಪುರದಾಗೆ ಇನ್ನೊಂದು ಮನೆ ಮಾಡಿರೋದು ಗೊತ್ತಾಯ್ತಲ್ಲ."

ಟೀಚರಮ್ಮ ಮುಂದಕ್ಕೆ ಸರಿದು ಕೂತಳು. ದೊಡ್ಡೋನು, "ಸಾಕ್ಷಿ ಯಾರು?" ಅಂತ ಪೆನ್ನು ತೆಗೆದ. ಚಿಕ್ಕೋನು, "ಆ ಹೆಣ್ಮಗಳ ಪರವಾಗಿ ನಾಕು ಬಿಡ್ತೀನಿ" ಅಂತ ವಾಪಸ್ಸು ಕೂತ. ಮೂವರಿಗೂ ಹೊಟ್ಟೆ ತುಂಬಿತು. ಇದು ಹಿಂದಿನ ಬೀದಿ ಮನೆಯೊಂದರ ಸಂಗತಿ ಅಂತ ನಾನು ಹೇಳಲಿಲ್ಲ, ಯಾರ ಹೆಸರನ್ನೂ ಎತ್ತಲಿಲ್ಲ. ಆದ್ರೆ ಮರುವಾರ ಟೀಚರಮ್ಮ, ಹಿಂದಿನ ಬೀದಿ ರಾಕ್ಷಸನ ಹೆಂಡತಿ ವಾಪಸ್ಸು ಬಂದ್ಲೇ ಅಂತ ನನ್ನ ಕಿವೀಲಿ ಕೇಳಿದ್ಲು.

ಹನ್ನೊಂದನೇ ದಿನ

ಒಂದು ಭಾನುವಾರ, ಮಂತ್ರಿ ಹಗ್ಗಕ್ಕೆ ಮಂಜೂರಾತಿ ಕೊಡೋದ್ರೊಳಗೆ ದಂಡನಾಯಕ ಪಾತಾಳಕ್ಕೆ ಹಾರಿದ. ದಾಳ ಕೈ ಕೊಟ್ಟಿತು. "ಸತ್ತೋದ್ರಿ" ಅಂದ ಇಂಜಿನಿಯರು. ಚಿಕ್ಕೋನು ಚಪ್ಪಲಿ ಮೆಟ್ಕೊಂಡು, "ಬೇಕಂತ್ಲೇ ಸಾಯ್ಸುದ್ರು. ಇನ್ನು ಈ ಮೆಟ್ಲು ಅತ್ತಕಿಲ್ಲ" ಅಂತ ಇಳಿದುಹೋದ. ಅಲ್ಲಿಗೆ ಮುಗೀತು ಅಂದ್ಕೊಂಡೆ.

ಮುಂದಿನ ಭಾನುವಾರ ಅವನು ಬರಲಿಲ್ಲ. ದೊಡ್ಡೋನು ಬಂದ, ವಾರದ ಗಡ್ಡ ಬಿಟ್ಕೊಂಡು. ಕೇಸರಿಬಾತು ಕೊಟ್ಟರೆ ತಟ್ಟೆ ಸರಿಸಿ, "ಬೇಡ. ಸೂತಕ" ಅಂದ.

"ಯಾರು ಸತ್ತರೋ?"

"ದಂಡನಾಯಕ."

"ಅವನು ನಿಂಗೇನಾಗಬೇಕು?"

ತಟ್ಟೆ ಇನ್ನೊಂದಿಷ್ಟು ದೂರ ತಳ್ಳಿದ. "ತಮ್ಮ ಆಗಬೇಕು."

ಆ ಮಾತನ್ನ ಗೋಡೆಯಾಚೆಗೆ ಒಯ್ದೆ. ಜೀವಮಾನದಲ್ಲಿ ಮೊದಲನೇ ಸಲ ಒಗ್ಗರಣೆ ಹಾಕದೆ ಒಯ್ದೆ. ಚಿಕ್ಕೋನು ಮೋಟ್ರಿಗೆ ಸುತ್ತಿಗೇಲಿ ಹೊಡೀತಿದ್ದ. ನಿಲ್ಲಿಸಿದ. ಮತ್ತೆ ಹೊಡೆಯೋಕೆ ಶುರು ಮಾಡಿದ.

ಹನ್ನೊಂದನೇ ದಿನ ಬುಧವಾರ. ದೊಡ್ಡೋನು ಆಫೀಸಿಗೆ ಅರ್ಧ ದಿನ ರಜ ಹಾಕಿ, ನನ್ನ ಕೈಲಿ ವಡೆ ಮಾಡಿಸಿ, ಮುಂದಿನ ಕೋಣೇಲಿ ದಂಡನಾಯಕನಿಗೆ ಅಂತ ಎಲೆ ಹಾಕಿಸಿ ಎಡೆ ಇಡಿಸಿದ. ಕೈಮುಗಿದು ಕಣ್ಣು ಮುಚ್ಚಿದ. ಗೋಡೆಯ ಆ ಕಡೆಯಿಂದೊಬ್ಬಳು, ಈ ಕಡೆಯಿಂದೊಬ್ಬಳು ಸೊಸೆಯಂದಿರು ಇಣುಕ್ತಿದ್ರು. ಆಗ ಗ್ರೀಸು ಕೈಯಲ್ಲಿ ಚಿಕ್ಕೋನು ಒಳಗೆ ಬಂದು, ಎಡೆ ಮುಂದೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ.

"ಇದು ನಂದೇ ಅಲ್ವಾ?"

ದೊಡ್ಡೋನು ಕಣ್ಣು ಬಿಟ್ಟ. ಎಡೆ ಮುಂದೆ ಕೂತಿದ್ದಕ್ಕೆ ಕೈ ಎತ್ತುತ್ತಾನೋ ಏನೋ ಅಂತ ನಾನು ಸೌಟು ಹಿಡಿದು ನಡುವೆ ನಿಂತೆ. ಚಿಕ್ಕೋನು ವಡೆ ಮುರಿದು ಬಾಯಿಗಿಟ್ಟು, ಅಗಿದು ನುಂಗಿ, "ಉಪ್ಪು ಕಮ್ಮಿ" ಅಂದ.

"ಸತ್ತೋನು ಉಪ್ಪು ಕೇಳ್ತಾನೇನ್ಲಾ? ಸುಮ್ನೆ ಉಣ್ಣು."

ಏನ್ಲಾ ಅಂದುಬಿಟ್ಟ, ನೇರವಾಗಿ, ತಮ್ಮನ ಮುಖ ನೋಡ್ಕೊಂಡು. ಚಿಕ್ಕೋನು ತಲೆ ಬಗ್ಗಿಸಿ ಗಬಗಬ ಉಂಡ. ನಾನು ಸೆರಗಲ್ಲಿ ಕಣ್ಣೊತ್ತಿಕೊಳ್ತಾ ಇದ್ರೆ ದೊಡ್ಡೋನು ಖಾಲಿ ಎಲೆ ತೋರಿಸಿ ಗದರಿದ: "ಏನ್ ನೋಡ್ತಾ ನಿಂತಿದ್ದೀಯವ್ವಾ, ಇನ್ನೆರಡು ವಡೆ ಹಾಕು. ಹೆಣಕ್ಕೆ ಹಸಿವು ಜಾಸ್ತಿ."