ಲೀಟರಿಗೆ ನಲವತ್ತು

ಎಲ್ಲ ರಗಳೆಗೂ ಮೂಲ ಒಂದೇ ಒಂದು ಮಾತು. ಮೇಷ್ಟ್ರು ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಷಡ್ಡಕ, “ಅಣ್ಣಾ, ನಿಮ್ಮ ಗಾಡಿ ಮೈಲೇಜ್ ಎಷ್ಟು ಕೊಡುತ್ತೆ?” ಎಂದು ಕೇಳಿದ. ಎದುರಿಗೆ ಹೆಂಡತಿ ಬಡಿಸುತ್ತ ನಿಂತಿದ್ದಳು. ಅಷ್ಟು ದೊಡ್ಡ ಇಂಜಿನ್ನಿನ ಮೋಟಾರ್ ಸೈಕಲ್ಲು ನಮಗೆ ಬೇಡವೇ ಬೇಡ ಎಂದು ಬಡಕೊಂಡಿದ್ದವಳೂ ಅವಳೇ. ಮೇಷ್ಟ್ರು ತುತ್ತು ನುಂಗಿ, “ಲೀಟರಿಗೆ ನಲವತ್ತು” ಎಂದುಬಿಟ್ಟರು.

ನಿಜಕ್ಕೂ ಅದು ಕೊಡುತ್ತಿದ್ದದ್ದು ಇಪ್ಪತ್ತೆರಡು. ಪೆಟ್ರೋಲ್ ಕಂಡರೆ ಸಾಕು, ಬೇಸಿಗೆಯ ಎಮ್ಮೆ ತೊಟ್ಟಿಗೆ ಮೂತಿ ಇಟ್ಟ ಹಾಗೆ ಹೀರುತ್ತಿತ್ತು. ಇಷ್ಟಕ್ಕೂ ಈ ಸುಳ್ಳು ಹೇಳಿದವರು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಉತ್ತರದಲ್ಲಿ ಒಂದು ಚುಕ್ಕೆ ಆಚೀಚೆಯಾದರೂ ಅಂಕ ಕತ್ತರಿಸಿ, ಮಕ್ಕಳಿಂದ ‘ದಶಮಾಂಶ’ ಎಂಬ ಬಿರುದು ಪಡೆದವರು.

ಆ ಮಾತು ಅವತ್ತೇ ಕೈ ತೊಳೆದುಕೊಂಡು ಎದ್ದುಹೋಗಬಹುದಿತ್ತು. ಆದರೆ ಷಡ್ಡಕ ಅದನ್ನು ಮನೆಗೆ ಹೊತ್ತುಕೊಂಡು ಹೋಗಿದ್ದ. ಅವನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ಊರೂರು ಸುತ್ತಿ ರಕ್ತದ ಸೀಸೆಗಳನ್ನು ತರುವುದೇ ಅವನ ದಿನಚರಿ. ಭಾನುವಾರ ಬೆಳಗ್ಗೆ ಮೇಷ್ಟ್ರು ಹಲ್ಲುಜ್ಜುತ್ತಿದ್ದಾಗ ಮಾವನ ಫೋನು ಬಂತು.

“ಅಳಿಯಂದ್ರೇ, ಚಿಕ್ಕ ಅಳಿಯಂದ್ರು ಇವತ್ತು ತಮ್ಮ ಹಳೇ ಗಾಡಿ ಕೊಟ್ಟು ನಿಮ್ಮಂಥದ್ದೇ ತಗೋತಾರಂತೆ. ಅದಕ್ಕೆ ಮುಂಚೆ ಒಂದ್ಸಲ ಅಳೆದು ನೋಡಿಬಿಡೋಣ. ನಿಮ್ಮ ಮೇಲೆ ಅನುಮಾನ ಅಂತಲ್ಲ. ನನಗೆ ಅಭ್ಯಾಸ.”

ಮಾವ ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ತಕ್ಕಡಿಯ ತಟ್ಟೆಯಡಿ ಅಂಟಿಸಿದ ಹುಣಸೆಹಣ್ಣನ್ನು ದೂರದಿಂದಲೇ ಮೂಸಿ ಹಿಡಿಯುತ್ತಿದ್ದವರು. ಮೇಷ್ಟ್ರ ಬಾಯಿಂದ ಪೇಸ್ಟಿನ ನೊರೆ ಗಲ್ಲಕ್ಕಿಳಿಯಿತು.

ಇದ್ದ ಸ್ವಲ್ಪ ಹೊತ್ತಿನಲ್ಲಿ ಗಾಡಿಯ ಹೊಟ್ಟೆಬಾಕತನ ಹೇಗಾದರೂ ತಗ್ಗಿಸಬೇಕಿತ್ತು. ಮೇಷ್ಟ್ರು ಏರ್ ಫಿಲ್ಟರ್ ಬಿಚ್ಚಿ ಒರೆಸುತ್ತಿದ್ದುದನ್ನು ಕಂಡು ಎದುರುಮನೆಯ ಗಡಿಯಾರ ರಿಪೇರಿಯವನು ಓಡಿ ಬಂದ. ಅವನಿಗೆ ಸೈಕಲ್ ಕೂಡ ಓಡಿಸಲು ಬರುತ್ತಿರಲಿಲ್ಲ. ಆದ್ದರಿಂದ ಸಲಹೆ ಕೊಡಲು ಬೇಕಾದಷ್ಟು ಪುರುಸೊತ್ತಿತ್ತು.

“ಗಾಳಿ ಜಾಸ್ತಿ ಹೊಡೆಸಿ ಮೇಷ್ಟ್ರೇ, ಟಯರ್ ಕಲ್ಲಿನ ಹಾಗಿರ್ಬೇಕು. ಬ್ರೇಕ್ ಮುಟ್ಲೇಬೇಡಿ, ಪೆಟ್ರೋಲ್ ದಂಡ. ಈ ಕಬ್ಬಿಣದ ಗಾರ್ಡ್ ಯಾಕೆ, ಬಿಚ್ಚಿ ಹಾಕಿ. ಈ ಪೆಟ್ಟಿಗೆ? ಈ ಕನ್ನಡಿ?”

“ಕನ್ನಡಿ ಬೇಕಲ್ವೇನ್ರೀ?”

“ಹಿಂದಿಂದು ನೋಡ್ಕೊಂಡು ನಿಮಗೇನಾಗ್ಬೇಕು? ಮುಂದೆ ಹೋಗೋ ಗಾಡಿ ತಾನೇ?”

ಮಹಡಿ ಮನೆಯ ನರ್ಸಮ್ಮ ಬಟ್ಟೆ ಒಣಗಿಸುತ್ತ ಮೇಲಿನಿಂದಲೇ, “ಗಾಡಿದು ಬಿಡಿ, ಮೊದಲು ನಿಮ್ಮ ತೂಕ ಇಳಿಸ್ಕೊಳ್ಳಿ” ಎಂದರು. ಮೇಷ್ಟ್ರು ಆ ಮಾತನ್ನೂ ಗಂಭೀರವಾಗಿ ತೆಗೆದುಕೊಂಡು ತಿಂಡಿ ಬಿಟ್ಟರು. ಜೇಬಿನ ಬೀಗದಕೈ ಗೊಂಚಲನ್ನೂ ಮನೆಯಲ್ಲೇ ಇಟ್ಟರು.

“ರೀ, ಏನಾಗಿದೆ ನಿಮಗೆ?” ಎಂದಳು ಹೆಂಡತಿ. “ನಲವತ್ತು ಕೊಡೋ ಗಾಡಿಗೆ ಇಷ್ಟೆಲ್ಲ ಯಾಕೆ?”

ಮೇಷ್ಟ್ರು ಅವಳ ಮುಖ ನೋಡದೆ ಫಿಲ್ಟರನ್ನು ಇನ್ನೊಮ್ಮೆ ಒರೆಸಿದರು.

ಮಾವ ಬಂದರು. ಬಂಕಿನಲ್ಲಿ ತಾವೇ ಸೀಟಿನ ಮೇಲೆ ಕೂತು, ಎರಡೂ ಕಾಲೂರಿ ಗಾಡಿಯನ್ನು ನೆಟ್ಟಗೆ ಹಿಡಿದು, ಟ್ಯಾಂಕಿನ ಕಂಠದವರೆಗೆ ಪೆಟ್ರೋಲ್ ತುಂಬಿಸಿದರು. “ಈಗ ನಲವತ್ತು ಕಿಲೋಮೀಟರ್ ಸುತ್ತಿ ಬರೋದು. ಮತ್ತೆ ಇದೇ ಮಟ್ಟಕ್ಕೆ ತುಂಬಿಸೋದು. ಎಷ್ಟು ಹಿಡಿಯುತ್ತೋ ಅಷ್ಟು ಕುಡಿದಿದೆ ಅಂತ. ನಿಮ್ಮ ಲೆಕ್ಕದ ಪ್ರಕಾರ ಒಂದು ಲೀಟರ್, ಅಲ್ವೇ?”

“ಹೆಚ್ಚೂಕಮ್ಮಿ...” ಎಂದರು ಮೇಷ್ಟ್ರು.

“ನಮ್ಮ ಇಲಾಖೆಯಲ್ಲಿ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.”

ಮಾವ ಹಿಂದಿನ ಸೀಟಿಗೆ ಹತ್ತಿ ಕೂತರು. ಅವರ ತೂಕವನ್ನು ಯಾವ ಇಲಾಖೆಯೂ ಪ್ರಶ್ನಿಸುವಂತಿರಲಿಲ್ಲ. ಕಲ್ಲಿನಂಥ ಟಯರುಗಳ ಮೇಲೆ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸುತ್ತ ಹೊರಟಿತು. ಪ್ರತಿ ಗುಂಡಿಗೂ ಹಿಂದಿನಿಂದ “ಅಯ್ಯಪ್ಪಾ” ಎಂಬ ದನಿ ಏಳುತ್ತಿತ್ತು. ಬ್ರೇಕು ಹಾಕಿದರೆ ಪೆಟ್ರೋಲ್ ದಂಡ ಎಂದು ಗಡಿಯಾರದವನು ಹೇಳಿದ್ದನಲ್ಲ, ಮೇಷ್ಟ್ರು ಬ್ರೇಕಿನ ಸುದ್ದಿಗೇ ಹೋಗಲಿಲ್ಲ. ಸರ್ಕಲ್ಲಿನಲ್ಲಿ ಕೆಂಪು ದೀಪ ಕಂಡಾಗ, ಹಸಿರಾಗುವವರೆಗೆ ಪಕ್ಕದ ಖಾಲಿ ಜಾಗದಲ್ಲಿ ಗಾಣದೆತ್ತಿನಂತೆ ಸುತ್ತು ಹೊಡೆದರು.

“ಅಳಿಯಂದ್ರೇ, ಇಲ್ಲೇನಾದ್ರೂ ಕಳ್ಕೊಂಡ್ರಾ?” ಎಂದು ಮಾವ ಕೇಳಿದರು.

ಆಸ್ಪತ್ರೆ ದಾಟಿದ ಮೇಲೆ ಉದ್ದದ ಇಳಿಜಾರು. ಮೇಷ್ಟ್ರಿಗೆ ಜೀವ ಬಂದಂತಾಯಿತು. ಕೀಲಿ ತಿರುಗಿಸಿ ಇಂಜಿನ್ ಆರಿಸಿಬಿಟ್ಟರು. ಗಾಡಿ ಸದ್ದಿಲ್ಲದೆ ಜಾರತೊಡಗಿತು, ವೇಗ ಏರಿತು. ಇಳಿಜಾರಿನ ಕೊನೆಯಲ್ಲಿ ಆಟದ ಮೈದಾನ. ಆಟ ಮುಗಿಸಿದ ಹುಡುಗ ಹುಡುಗಿಯರ ದೊಡ್ಡ ಗುಂಪೊಂದು ರಸ್ತೆ ದಾಟುತ್ತಿತ್ತು. ಮೇಷ್ಟ್ರು ಹಾರನ್ ಒತ್ತಿದರು. ಕೀಲಿ ಆರಿಸಿದ ಗಾಡಿಯ ಹಾರನ್ ಎಲ್ಲಿಂದ ಕೂಗೀತು? ಬ್ರೇಕು ಹಿಡಿಯಬಹುದಿತ್ತು, ಆದರೆ ಪುಕ್ಕಟೆ ಸಿಕ್ಕ ವೇಗವನ್ನು ಕಳೆಯಲು ಮನಸ್ಸಾಗಲಿಲ್ಲ. ಕೊನೆಗೆ ಕತ್ತು ಚಾಚಿ, ಎದೆ ತುಂಬ ಉಸಿರೆಳೆದು, ಬಾಯಿಯಿಂದಲೇ ಕೂಗಿದರು:

“ಪೀಂ! ಪೀಂ ಪೀಂ ಪೀಂ!”

ಮಕ್ಕಳು ದಿಕ್ಕಾಪಾಲಾಗಿ ಸರಿದರು. ಅಷ್ಟೂ ಮಕ್ಕಳು ಅವರದೇ ತರಗತಿಯವರು. ಆಮೇಲೆ ಹಿಂದಿನಿಂದ ಒಂದು ಸಣ್ಣ ದನಿ, “ಲೋ, ದಶಮಾಂಶ ಸಾರ್ ಕಣೋ!” ಅದರ ಬೆನ್ನಿಗೇ ಇಡೀ ತರಗತಿ ಒಕ್ಕೊರಲಿನಿಂದ, “ಪೀಂ! ಪೀಂ ಪೀಂ ಪೀಂ!”

ಮೇಷ್ಟ್ರ ಕಿವಿಗಳು ಸುಟ್ಟವು. ನಾಳೆ ಕರಿಹಲಗೆಯ ಕಡೆ ತಿರುಗಿದೊಡನೆ ಬೆನ್ನ ಹಿಂದೆ ಏನು ಕೇಳಿಸಲಿದೆ ಎಂಬುದಕ್ಕೆ ಯಾವ ಸೂತ್ರವೂ ಬೇಕಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಭೂಮಿಯೇನೋ ಬಾಯಿ ಬಿಡಲಿಲ್ಲ, ಬದಲಿಗೆ ಎದುರಿಗೆ ಏರು ಬಂತು.

ಇಷ್ಟು ಭಾರ ಹೊತ್ತು ಏರು ಹತ್ತಿದರೆ ಲೆಕ್ಕ ಪೂರ್ತಿ ಮುಳುಗಿದ ಹಾಗೆಯೇ. ಮೇಷ್ಟ್ರು ಗಾಡಿ ನಿಲ್ಲಿಸಿದರು. “ಮಾವ, ಒಂಚೂರು ನಡೀತೀರಾ? ಮಂಡಿಗೆ ಒಳ್ಳೇದಂತೆ.”

“ಯಾರಂದ್ರು?”

“ನಮ್ಮ... ಮಹಡಿ ಮನೆ ನರ್ಸಮ್ಮ.”

ಇದು ಎರಡನೆಯ ಸುಳ್ಳು. ಮಾವ ಪಾಪ, ಇಳಿದು ನಡೆದರು. ಸುಡುಬಿಸಿಲು. ಮೇಷ್ಟ್ರು ಪಕ್ಕದಲ್ಲೇ ಗಾಡಿಯ ಮೇಲೆ ಆಮೆವೇಗದಲ್ಲಿ ಸಾಗಿದರು. ಅರ್ಧ ಏರಿಗೆ ಮಾವನ ಅಂಗಿ ಒದ್ದೆ, ಎಡಮಂಡಿ ಕುಂಟು. ಪಕ್ಕದಲ್ಲಿ ತರಕಾರಿ ಗಾಡಿ ತಳ್ಳುತ್ತಿದ್ದ ಹೆಂಗಸು ನಿಂತು, “ಏನ್ ಜನಾನಪ್ಪಾ! ವಯಸ್ಸಾದವ್ರನ್ನ ಕಾಲ್ನಡಿಗೇಲಿ ಓಡಿಸ್ಕೊಂಡು ತಾವು ಸವಾರಿ ಮಾಡ್ತಾವ್ರೆ!” ಎಂದಳು.

“ಬಯ್ಯಬೇಡಮ್ಮ,” ಎಂದರು ಮಾವ ಏದುಸಿರಿನಲ್ಲಿ. “ನನ್ನ ಮಂಡಿ ಚಿಂತೇಲೇ ನಡೆಸ್ತಾ ಇದ್ದಾರೆ. ಇಂಥ ಅಳಿಯ ಎಲ್ಲರಿಗೂ ಸಿಗಲ್ಲ.”

ಆ ಹೆಂಗಸಿನ ಬೈಗುಳವನ್ನು ಮೇಷ್ಟ್ರು ತಡೆದುಕೊಂಡಿದ್ದರು. ಮಾವನ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ತಕ್ಷಣ ಗಾಡಿ ನಿಲ್ಲಿಸಿ ಮಾವನನ್ನು ಹತ್ತಿಸಿಕೊಂಡರು. ಉಳಿದ ದಾರಿಯನ್ನು ಬ್ರೇಕು, ಹಾರನ್ನು ಎಲ್ಲವನ್ನೂ ಧಾರಾಳವಾಗಿ ಬಳಸುತ್ತ, ಮನುಷ್ಯರಂತೆ ಓಡಿಸಿದರು.

ಬಂಕಿನಲ್ಲಿ ಷಡ್ಡಕ ಹಳೆಯ ಗಾಡಿಯನ್ನು ಒರೆಸಿ, ಮಾರಾಟಕ್ಕೆ ಸಿಂಗರಿಸಿ ಕಾಯುತ್ತಿದ್ದ. ಅವನ ಕಣ್ಣಿನ ಹೊಳಪು ನೋಡಿ ಮೇಷ್ಟ್ರಿಗೆ ಇನ್ನು ಸಾಧ್ಯವೇ ಇಲ್ಲ ಅನಿಸಿತು. ಗಾಡಿ ಇಳಿದು ಇಬ್ಬರಿಗೂ ಕೈ ಮುಗಿದರು.

“ತುಂಬಿಸೋದೇ ಬೇಡ. ನಾನು ಸುಳ್ಳು ಹೇಳಿದ್ದೆ. ಇದು ಇಪ್ಪತ್ತೆರಡರ ಮೇಲೆ ಕೊಟ್ಟಿದ್ದೇ ಇಲ್ಲ. ಮನೆಯವಳ ಎದುರು ಮರ್ಯಾದೆ ಹೋಗುತ್ತೆ ಅಂತ ನಲವತ್ತು ಅಂದೆ. ನೀನು ದಿನಾ ಊರೂರು ಸುತ್ತೋನು. ಇದನ್ನ ತಗೊಂಡ್ರೆ ಮುಳುಗ್ತೀಯ. ಬೇಡಪ್ಪಾ.”

ಮಾವ ಮಂಡಿ ನೀವಿಕೊಳ್ಳುತ್ತ ಅಳಿಯನ ಬೆನ್ನು ತಟ್ಟಿದರು. “ಒಪ್ಪಿಕೊಂಡ್ರಲ್ಲ, ಅದು ದೊಡ್ಡತನ. ಆದ್ರೂ ಅಳತೆ ಅಳತೇನೇ. ಅರ್ಧಕ್ಕೆ ಬಿಡೋ ಹಾಗಿಲ್ಲ. ತುಂಬಿಸಮ್ಮ.”

ಮೇಷ್ಟ್ರು ತಲೆ ತಗ್ಗಿಸಿ ದೂರ ನಿಂತರು. ಷಡ್ಡಕನೇ ಗಾಡಿಯನ್ನು ಸೈಡ್ ಸ್ಟ್ಯಾಂಡ್ ಹಾಕಿ ಒರಗಿಸಿ ನಿಲ್ಲಿಸಿದ. ಪಂಪಿನ ಹುಡುಗಿ ನಳಿಗೆ ಇಟ್ಟಳು. ಒಂದು ಗುಟುಕು, ಇನ್ನೊಂದು ಗುಟುಕು. ಅಷ್ಟರಲ್ಲೇ ಪೆಟ್ರೋಲ್ ಕಂಠಕ್ಕೆ ಬಂದು ತುಳುಕಿತು.

“ಅರ್ಧ ಲೀಟರ್ರು ಸಾರ್.”

ಮಾವ ಮೀಟರನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. “ಲೆಕ್ಕದ ಮೇಷ್ಟ್ರು ನೀವು. ನಲವತ್ತು ಕಿಲೋಮೀಟರಿಗೆ ಅರ್ಧ ಲೀಟರ್. ಎಷ್ಟಾಯ್ತು, ನೀವೇ ಹೇಳಿ.”

“ಎಂಬತ್ತು,” ಎಂದರು ಮೇಷ್ಟ್ರು. ತಪ್ಪು ಉತ್ತರ ಹೇಳಲು ನಾಲಿಗೆ ಒಗ್ಗಲಿಲ್ಲ. ಮರುಕ್ಷಣ ಕಾರಣ ಹೊಳೆದು ಬೆಚ್ಚಿದರು. “ಅಯ್ಯೋ, ಗಾಡಿ ಓರೆಯಾಗಿ ನಿಂತಿದೆ ಮಾವ! ಬೆಳಗ್ಗೆ ನೆಟ್ಟಗಿತ್ತು. ಓರೆಯಾದ್ರೆ ಟ್ಯಾಂಕ್ ಪೂರ್ತಿ ತುಂಬಲ್ಲ!”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀವು ಗಾಡಿ ಡೊಂಕು ಅಂತೀರಾ?” ಮಾವನ ದನಿ ಗಡುಸಾಯಿತು. “ನಾನು ಕಣ್ಣಾರೆ ನೋಡಿದ್ದೀನಿ. ತಮ್ಮನಂಥವನು, ಅವನೂ ನಿಮ್ಮ ಸಮಕ್ಕೆ ಒಂದು ಗಾಡಿ ಮೇಲೆ ಕೂತ್ರೆ ನಿಮಗೆ ಇಷ್ಟು ಹೊಟ್ಟೆಕಿಚ್ಚಾ? ಕೈ ಮುಗಿದು ಬೇರೆ ನಾಟಕ ಆಡಿದ್ರಿ. ಛೆ!”

“ಅಣ್ಣಾ, ನಿಮ್ಮಿಂದ ಇದನ್ನ ನಿರೀಕ್ಷಿಸಿರ್ಲಿಲ್ಲ,” ಎಂದ ಷಡ್ಡಕ, ಕಣ್ಣಲ್ಲಿ ನೀರು ತಂದುಕೊಂಡು. ಮಾವನನ್ನು ಹಿಂದೆ ಕೂರಿಸಿಕೊಂಡು ಶೋರೂಮಿನ ಕಡೆ ಹೊರಟೇಬಿಟ್ಟ.

ಮೇಷ್ಟ್ರು ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಹುಡುಗಿಯನ್ನು ಬೇಡಿಕೊಂಡು ಮತ್ತೆ ತುಂಬಿಸಿದರು. ಗಟಗಟನೆ ಕುಡಿಯಿತು, ಒಂದು ಲೀಟರಿಗೂ ಮೇಲೆ. “ನೋಡಿದ್ರಾ? ನೋಡಿದ್ರಾ?” ಎಂದು ಕೂಗುತ್ತ ತಿರುಗಿದರು. ಹಿಂದೆ ಹಾಲಿನ ವ್ಯಾನೊಂದು ನಿಂತಿತ್ತು. ಅದರ ಡ್ರೈವರು, “ನೋಡಿದ್ವಿ, ಮುಂದೆ ತಳ್ಳಿ ಸಾರ್” ಎಂದ.

ಮಾವ ಫೋನು ಎತ್ತಲಿಲ್ಲ. ಷಡ್ಡಕನೂ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಹೆಂಡತಿಯ ಫೋನೇ ಬಂತು.

“ಅಪ್ಪ ಎಲ್ಲಾ ಹೇಳಿದ್ರು. ಹಳೇ ಗಾಡಿ ಕೊಟ್ಟು ಹೊಸದು ಬುಕ್ ಮಾಡಿದ್ದೂ ಆಯ್ತಂತೆ. ನಾಚಿಕೆ ಆಗಲ್ವೇನ್ರೀ ನಿಮಗೆ? ನಾನು ತಂಗಿಗೆ ಯಾವ ಮುಖ ತೋರಿಸ್ಲಿ?”

“ಕೇಳೇ ಇಲ್ಲಿ, ಇಪ್ಪತ್ತೆರಡೇ ಕಣೇ ನಿಜ...”

“ಇನ್ನೂ ಅದೇ ಸುಳ್ಳು! ಎಂಬತ್ತು ಹೋಗ್ಲಿ, ಮೊದಲಿನ ಹಾಗೆ ನಲವತ್ತು ಅಂತ ನಿಜ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”