ಅಂಚೆ ಹಡಗಿನ ಅಧಿಕೃತ ಸೋರಿಕೆ

ಅಂಚೆ ಹಡಗಿನ ಎಂಜಿನ್ ಕೋಣೆಯಲ್ಲಿ ಸೋರಿಕೆ ಇದೆ ಎಂಬುದನ್ನು ಹಡಗಿನ ಸಂರಕ್ಷಣಾ ಮಂಡಳಿಯು ತನ್ನ ನೂರ ಹನ್ನೆರಡನೆಯ ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕರಿಸಿತು. ಅಲ್ಲಿಯವರೆಗೆ ಅದು ಬರೀ ನೀರಾಗಿತ್ತು.

ಆ ನೀರನ್ನು ಮೊದಲು ಕಂಡವರು ಫಿಟ್ಟರ್. ಹಡಗು ನಲವತ್ತೊಂದು ವರ್ಷ ಬಂದರಿನಿಂದ ಬಂದರಿಗೆ ಅಂಚೆ ಚೀಲ ಹೊತ್ತು, ಕೊನೆಗೆ ಓಡಾಟ ನಿಲ್ಲಿಸಿ ಬಂದರುಕಟ್ಟೆಯ ತುದಿಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿತ್ತು. ಫಿಟ್ಟರ್ ಅದರಲ್ಲೇ ಕೆಲಸಕ್ಕೆ ಸೇರಿ, ಅದರಲ್ಲೇ ನಿವೃತ್ತರಾಗಿ, ಮರುದಿನದಿಂದ ಅದರಲ್ಲೇ ಸ್ವಯಂಸೇವಕರಾದವರು. ಅವರ ಹೆಂಡತಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಈಗ ಹಡಗಿನ ಹಿತ್ತಾಳೆಯನ್ನೆಲ್ಲ ತಿಕ್ಕಿ ಹೊಳಪು ಮಾಡಿ, ನೋಡಲು ಬಂದವರಿಗೆ ವಿವರಣೆ ಕೊಡುತ್ತಿದ್ದರು. ಮದುವೆಗೆ ಮುಂಚೆ ತಮ್ಮಿಬ್ಬರ ಕಾಗದಗಳು ಇದೇ ಹಡಗಿನಲ್ಲಿ ಓಡಾಡಿದವೆಂದೂ ಅವುಗಳಲ್ಲಿ ಒಂದು ಇನ್ನೂ ಕೈಸೇರಿಲ್ಲವೆಂದೂ ಆಕೆ ಹೇಳುತ್ತಿದ್ದರು. ಅದರಲ್ಲಿ ಏನು ಬರೆದಿದ್ದಿರಿ ಎಂದು ಜನ ಫಿಟ್ಟರನ್ನು ಕೇಳಿದರೆ ಅವರು ಸ್ಪ್ಯಾನರ್ ಹುಡುಕಲು ಹೊರಟುಬಿಡುತ್ತಿದ್ದರು.

ತೂತು ಎಡಮಗ್ಗುಲಿನಲ್ಲಿ, ನೀರಿನ ಮಟ್ಟಕ್ಕಿಂತ ಎರಡು ಅಡಿ ಕೆಳಗೆ ಇತ್ತು. ಕಿರುಬೆರಳು ತೂರುವಷ್ಟು. ಫಿಟ್ಟರ್ ಕಿರುಬೆರಳು ತೂರಿಸಿ ನೋಡಿ, ಅಲ್ಲೇ ಒಂದು ಮರದ ಬೆಣೆ ಹೊಡೆದು, ಮೇಲೆ ಬಂದು ಮಂಡಳಿಯ ಕಾರ್ಯದರ್ಶಿ ಮೇಡಂಗೆ ಹೇಳಿದರು.

"ಒಂದು ತಗಡು, ಒಂದು ರಬ್ಬರು, ನಾಲ್ಕು ಬೋಲ್ಟು. ಮಧ್ಯಾಹ್ನದ ಊಟದೊಳಗೆ ಮುಗೀತದೆ ಮೇಡಂ."

ಮೇಡಂ ನಿಯಮಾವಳಿ ತೆಗೆದರು. ನಿಯಮ ಹದಿನಾಲ್ಕರ ಪ್ರಕಾರ ಹಡಗಿನ ಐವತ್ತು ವರ್ಷ ಮೀರಿದ ಯಾವುದೇ ಭಾಗವನ್ನು ಬದಲಿಸಕೂಡದು, ಮುಚ್ಚಕೂಡದು, ಮರೆಮಾಚಕೂಡದು.

"ತೂತಿಗೆ ಎಷ್ಟು ವರ್ಷ?" ಎಂದು ಮೇಡಂ ಕೇಳಿದರು.

"ಮೊನ್ನೆ ಇರಲಿಲ್ಲ."

"ನಿಮಗೆ ಕಂಡಿರಲಿಲ್ಲ ಅನ್ನಿ. ಬರವಣಿಗೆಯಲ್ಲಿ ಹಾಗೆ ಬರ್ಕೋತೀನಿ."

ತೂತಿನ ವಯಸ್ಸು ನಿರ್ಧರಿಸಲು ಮೂವರ ಉಪಸಮಿತಿ ರಚನೆಯಾಯಿತು. ಮರದ ಬೆಣೆ ಅನುಮತಿಯಿಲ್ಲದ ಸೇರ್ಪಡೆಯಾದ್ದರಿಂದ ಅದನ್ನು ಕಿತ್ತು, ಚೀಟಿ ಅಂಟಿಸಿ, ಕಪಾಟಿನಲ್ಲಿ ಇಡಲಾಯಿತು. ಉಪಸಮಿತಿಯ ಸದಸ್ಯರಾದ ವಕೀಲರು ಒಂದು ಮೂಲಭೂತ ಪ್ರಶ್ನೆ ಎತ್ತಿದರು: ತೂತು ಹಡಗಿನ ಭಾಗವೇ, ಅಥವಾ ಹಡಗಿನ ಒಂದು ಭಾಗದ ಗೈರುಹಾಜರಿಯೇ? ಇದರ ಮೇಲೆ ಹತ್ತೊಂಬತ್ತು ತಿಂಗಳು ಚರ್ಚೆ ನಡೆಯಿತು. ಚರ್ಚೆ ಉತ್ತಮ ಮಟ್ಟದ್ದಾಗಿತ್ತೆಂದು ಅದರಲ್ಲಿ ಭಾಗವಹಿಸಿದ ಮೂವರೂ ಹೇಳುತ್ತಾರೆ.

ಆ ಹತ್ತೊಂಬತ್ತು ತಿಂಗಳು ಫಿಟ್ಟರ್ ಮತ್ತು ಅವರ ಹೆಂಡತಿ ಕೈಪಂಪಿನಲ್ಲಿ ನೀರು ಹೊಡೆದರು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಭಾನುವಾರ ಪ್ರವಾಸಿಗರು ಹೆಚ್ಚಾಗಿ ಬರುವುದರಿಂದ ಅಂದು ಅವರ ಎದುರಿಗೇ ಹೊಡೆದರು. ಜನ ಅದನ್ನು ಪ್ರಾತ್ಯಕ್ಷಿಕೆ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ಈ ನಡುವೆ ಮೇಡಂ ಸುಮ್ಮನೆ ಕೂತಿರಲಿಲ್ಲ. ನೌಕಾ ಪರಂಪರೆಯ ಪ್ರಾಧಿಕಾರವು 'ಮುಳುಗುವ ಅಪಾಯದಲ್ಲಿರುವ ಹಡಗುಗಳು' ಎಂಬ ಪಟ್ಟಿ ಮಾಡುತ್ತಿರುವುದು ಅವರಿಗೆ ತಿಳಿದುಬಂತು. ಪಟ್ಟಿಗೆ ಸೇರಿದ ಹಡಗಿಗೆ ವರ್ಷವರ್ಷವೂ ಅನುದಾನ. ಅದರ ಮಂಡಳಿಯ ಅಧ್ಯಕ್ಷರಿಗೆ ಮುಳುಗುವಿಕೆಯ ಬಗ್ಗೆ ದೂರದೂರದ ಸಮ್ಮೇಳನಗಳಲ್ಲಿ ಮಾತನಾಡುವ ಅವಕಾಶ. ಬಂದರಿನಲ್ಲಿ ಬಾಡಿಗೆ ಇಲ್ಲದೆ ನಿಲ್ಲುವ ಹಕ್ಕು. ಮೇಡಂ ತೂತಿನ ಫೋಟೋ ಲಗತ್ತಿಸಿ ಅರ್ಜಿ ಹಾಕಿದರು. ಹಡಗು ಪಟ್ಟಿ ಸೇರಿತು. ಆಗಲೇ ನೂರ ಹನ್ನೆರಡನೆಯ ಸಭೆ ಕರೆದು, ನೀರನ್ನು ಸೋರಿಕೆಯೆಂದು ಅಂಗೀಕರಿಸಿದ್ದು.

ಅಧ್ಯಕ್ಷರು ಆ ವರ್ಷ ನಾಲ್ಕು ಸಮ್ಮೇಳನಗಳಿಗೆ ಹೋಗಿ ಬಂದರು. ಅವರಿಗೆ ನೀರಿನ ಮೇಲೆ ತಲೆ ಸುತ್ತುವ ತೊಂದರೆ ಇದ್ದುದರಿಂದ ಹಡಗಿನೊಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಮಂಡಳಿಯ ಸಭೆಗಳು ಬಂದರುಕಟ್ಟೆಯ ಮೇಲಿನ ಹಳೆಯ ಟಿಕೆಟ್ ಕೋಣೆಯಲ್ಲಿ, ಹಡಗು ಚೆನ್ನಾಗಿ ಕಾಣುವ ಕಿಟಕಿಯ ಪಕ್ಕ ನಡೆಯುತ್ತಿದ್ದವು.

ಒಂದು ಗುರುವಾರ ಬೆಳಗ್ಗೆ ಫಿಟ್ಟರ್ ಹೆಂಡತಿ ಪಂಪು ಹೊಡೆದು ಮೇಲೆ ಬರುವಾಗ ಒದ್ದೆ ಏಣಿಯಲ್ಲಿ ಕಾಲು ಜಾರಿ ಬಿದ್ದರು. ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಫಿಟ್ಟರ್ ಆಕೆಯ ಎಡಗೈ ಹಿಡಿದುಕೊಂಡು ಕೂತಿದ್ದರು. ಆಕೆ ನೋವು ನುಂಗಿಕೊಂಡು, "ಸಂಜೆ ಪಂಪು ನೀವೊಬ್ರೇ ಹೊಡೀಬೇಕಾಗ್ತದಲ್ರೀ" ಅಂದರು.

ಫಿಟ್ಟರ್ ಆಕೆಯನ್ನು ಮನೆಗೆ ಬಿಟ್ಟು, ಗಂಜಿ ಕಾಯಿಸಿಕೊಟ್ಟು, ಚೀಲದಲ್ಲಿ ಒಂದು ತಗಡು, ಒಂದು ರಬ್ಬರು, ನಾಲ್ಕು ಬೋಲ್ಟು ಹಾಕಿಕೊಂಡು ಹೊರಟರು. ನಲವತ್ತು ನಿಮಿಷದಲ್ಲಿ ತೂತು ಮುಚ್ಚಿತು. ಉಳಿದ ನೀರನ್ನು ಹೊಡೆದು, ನೆಲವನ್ನು ಗೋಣಿಯಿಂದ ಒರೆಸಿದರು. ಎಂಜಿನ್ ಕೋಣೆಯ ನೆಲ ಕೆಂಪು ಬಣ್ಣದ್ದು ಎಂಬುದು ಅವರಿಗೇ ಮರೆತುಹೋಗಿತ್ತು. ಅಲ್ಲೇ ಒಂದು ಡಬ್ಬದ ಮೇಲೆ ಕೂತು ಸ್ವಲ್ಪ ಹೊತ್ತು ಅದನ್ನು ನೋಡಿದರು. ತುಂಬಾ ದಿನಗಳ ಮೇಲೆ ಹಾಯೆನಿಸಿತು.

ಮೂರನೆಯ ದಿನ ನೋಟಿಸು ಬಂತು.

'ತಾವು ದಿನಾಂಕ ಹದಿನಾರರಂದು, ಮಂಡಳಿಯ ಪೂರ್ವಾನುಮತಿ ಇಲ್ಲದೆ, ಅಂಗೀಕೃತ ಸೋರಿಕೆಯೊಂದನ್ನು ಉದ್ದೇಶಪೂರ್ವಕವಾಗಿ ನಿಲ್ಲಿಸಿ, ಹಡಗನ್ನು ಮುಳುಗದಿರುವ ಸ್ಥಿತಿಗೆ ತಳ್ಳಿರುತ್ತೀರಿ. ಈ ಬಗ್ಗೆ ವಿವರಣೆ ನೀಡತಕ್ಕದ್ದು.'

ವಿಚಾರಣೆಗೆ ಫಿಟ್ಟರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಅಧ್ಯಕ್ಷರು ಸೌಜನ್ಯದಿಂದ ಕುರ್ಚಿ ತೋರಿಸಿದರು. ಅವರು ಯಾರ ಮೇಲೂ ದನಿ ಎತ್ತಿದವರಲ್ಲ.

"ಫಿಟ್ಟರ್ ಅವರೇ, ನಿಮ್ಮ ಮನೆಯವರ ಕೈ ಹೇಗಿದೆ?"

"ಆರು ವಾರ ಕಟ್ಟು ಬಿಚ್ಚೋ ಹಾಗಿಲ್ಲ ಸರ್."

"ಛೆ, ಪಾಪ. ಮಂಡಳಿಯಿಂದ ಸಹಾನುಭೂತಿ ಬರ್ಕೊಳ್ಳಿ ಮೇಡಂ. ಈಗ ನೋಡಿ, ಇನ್ನು ಹನ್ನೆರಡು ದಿನಕ್ಕೆ ಪ್ರಾಧಿಕಾರದ ತಪಾಸಣಾಧಿಕಾರಿ ಬರ್ತಾರೆ. ಸೋರಿಕೆ ಹೇಗೆ ನಡೀತಿದೆ ಅಂತ ನೋಡೋದಕ್ಕೆ. ಅವರಿಗೆ ನಾನು ಏನು ತೋರಿಸ್ಲಿ?"

"ಒಣಗಿದ ನೆಲ ತೋರ್ಸಿ ಸರ್. ಚೆನ್ನಾಗಿದೆ."

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಒಣ ನೆಲ ತೋರಿಸಿದರೆ ಹಡಗು ಪಟ್ಟಿಯಿಂದ ಹೊರಬೀಳುತ್ತದೆ. ಬಂದರಿನ ಹೊಸ ನಿಯಮದಂತೆ ಪಟ್ಟಿಯಲ್ಲಿಲ್ಲದ ಹಳೆಯ ಹಡಗಿಗೆ ಅಲ್ಲಿ ಜಾಗವಿಲ್ಲ. ಜಾಗವಿಲ್ಲದ ಹಡಗನ್ನು ಬಂದರಿನವರು ಗುಜರಿಗೆ ಒಡೆಯುವ ಅಂಗಳಕ್ಕೆ ಎಳೆದುಕೊಂಡು ಹೋಗುತ್ತಾರೆ ಎಂದು ಅವರು ಒಂದೊಂದೇ ಕಾಗದ ಮುಂದಿಟ್ಟು ವಿವರಿಸಿದರು. ಕಾಗದಗಳೆಲ್ಲ ಸರಿಯಾಗಿದ್ದವು. ಫಿಟ್ಟರ್ ಎರಡು ಸಲ ಓದಿದರು.

"ಅಂದ್ರೆ, ಸೋರಿದ್ರೆ ಹಡಗು ಉಳೀತದೆ. ಸೋರದಿದ್ರೆ ಹೋಗ್ತದೆ," ಅಂದರು.

"ಎಷ್ಟು ಬೇಗ ಅರ್ಥ ಮಾಡ್ಕೊಂಡ್ರಿ. ಇದೇ ನಮ್ಗೆ ಮೂರು ಸಭೆ ಹಿಡೀತು," ಎಂದು ಅಧ್ಯಕ್ಷರು ಮೆಚ್ಚಿಕೊಂಡರು.

ಸೋರಿಕೆಯ ಪುನರುಜ್ಜೀವನಕ್ಕೆ ಮಂಡಳಿ ಅಂದೇ ಟೆಂಡರ್ ಕರೆಯಿತು. ಮೂರು ಸಂಸ್ಥೆಗಳು ಬಂದು ನೋಡಿ ಹೋದವು. ಮುಚ್ಚಲು ಎಲ್ಲರಿಗೂ ಬರುತ್ತಿತ್ತು. ಹದವಾಗಿ ಸೋರಿಸಲು ಯಾರೂ ಒಪ್ಪಲಿಲ್ಲ. ಒಬ್ಬ ಎಂಜಿನಿಯರ್, "ಇಂಥ ಕೆಲಸಕ್ಕೆ ನಾನು ಸಹಿ ಹಾಕಿದ್ರೆ ನಾಳೆ ನನ್ನ ಗತಿ ಏನು?" ಎಂದು ಕೇಳಿ, ಕೊಟ್ಟ ಕಾಫಿಯನ್ನೂ ಕುಡಿಯದೆ ಹೋದರಂತೆ. ತೂತಿನ ಸ್ವಭಾವ ಬಲ್ಲವರು ಫಿಟ್ಟರ್ ಒಬ್ಬರೇ ಎಂದು ಮಂಡಳಿ ತೀರ್ಮಾನಿಸಿತು. ಅವರ ಸ್ವಯಂಸೇವಕ ಚೀಟಿಯನ್ನು ತಾತ್ಕಾಲಿಕವಾಗಿ ವಾಪಸು ಪಡೆದಿದ್ದ ಆದೇಶವನ್ನು ತಾತ್ಕಾಲಿಕವಾಗಿ ವಾಪಸು ಪಡೆಯಲಾಯಿತು.

ಮನೆಯಲ್ಲಿ ಫಿಟ್ಟರ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಹೆಂಡತಿ ಎಡಗೈಯಲ್ಲೇ ತಟ್ಟೆ ಹಾಕಿ ಎದುರಿಗೆ ಕೂತರು.

"ಏನ್ರೀ ಅಷ್ಟು ಯೋಚ್ನೆ?"

"ನಲವತ್ತು ವರ್ಷ ಸೋರೋದನ್ನ ನಿಲ್ಸಿದೀನಿ ಕಣೇ. ಈಗ ನನ್ನ ಕೈಯಾರೆ ತೂತು ಮಾಡು ಅಂತಾರೆ."

"ಮಾಡದಿದ್ರೆ?"

"ಒಡೆಯೋ ಅಂಗಳ."

ಆಕೆ ಎಡಗೈಯಲ್ಲೇ ಅವರ ತಟ್ಟೆಗೆ ಸಾರು ಬಡಿಸಿದರು. ಆಮೇಲೆ, ಅಡುಗೆಮನೆಯ ವಿಷಯ ಮಾತಾಡುವ ಹಾಗೆ, "ತೂತು ಯಾಕ್ರೀ ಮಾಡ್ತೀರಿ? ಆ ತಗಡಿಗೆ ಒಂದು ನಲ್ಲಿ ಕೂರ್ಸಿ. ಅವರು ಬಂದಾಗ ತಿರುಗಿಸಿ, ಹೋದ ಮೇಲೆ ನಿಲ್ಸಿ," ಅಂದರು.

ಫಿಟ್ಟರ್ ಊಟ ಮಾಡಿದರು.

ಅರ್ಧ ಇಂಚಿನ ಹಿತ್ತಾಳೆ ನಲ್ಲಿ ತಗಡಿನ ಮಧ್ಯಕ್ಕೆ ಕೂತಿತು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ನಿಲ್ಲಿಸಿದ ಮೇಲೆ ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ. ಈ ಬಗ್ಗೆ ಮೇಡಂ ಮೊದಲು ಸ್ವಲ್ಪ ಆತಂಕಪಟ್ಟರು. ನಲ್ಲಿ ಇದ್ದರೆ ಅದು ಸೋರಿಕೆಯಾಗುತ್ತದೆಯೇ, ನೀರು ಸರಬರಾಜಾಗುತ್ತದೆಯೇ? ವಕೀಲರು ಅಭಿಪ್ರಾಯ ಬರೆದುಕೊಟ್ಟರು: ನೀರು ಹೊರಗಿನಿಂದ ಒಳಗೆ, ಯಾರಿಗೂ ಉಪಯೋಗವಿಲ್ಲದೆ ಬರುತ್ತಿರುವಷ್ಟು ಕಾಲ ಅದು ಸೋರಿಕೆಯೇ.

ತಪಾಸಣೆಯ ದಿನ ಅಧ್ಯಕ್ಷರು ಎರಡು ಮಾತ್ರೆ ನುಂಗಿ, ಜೀವಮಾನದಲ್ಲಿ ಮೊದಲ ಬಾರಿಗೆ ಹಡಗು ಹತ್ತಿದರು. ತಪಾಸಣಾಧಿಕಾರಿ ಸಣ್ಣ ಮೈಕಟ್ಟಿನ ಮನುಷ್ಯ. ಜೊತೆಗೆ ಅಳತೆಗೆರೆ ಇದ್ದ ಒಂದು ಬಕೆಟ್ ತಂದಿದ್ದರು. ಏಣಿ ಇಳಿದು, ತಗಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬಕೆಟ್ ಇಟ್ಟು, ಗಡಿಯಾರ ನೋಡಿದರು. ಬಕೆಟ್ಟಿಗೆ ನೀರು ಬೀಳುವ ಸದ್ದು ಮಾತ್ರ.

"ನಿಮಿಷಕ್ಕೆ ಐದು ಲೀಟರ್ ಬರ್ತಾ ಇದೆ," ಎಂದು ಕೊನೆಗೆ ಹೇಳಿದರು. "ಹೋದ ವರ್ಷದಿಂದ ಕನಿಷ್ಠ ಏಳು ಇರ್ಬೇಕು. ಐದಕ್ಕೆ 'ತೇವ' ಅಂತ ಮಾತ್ರ ಬರೀಬಹುದು. ತೇವಕ್ಕೆ ಅನುದಾನ ಇಲ್ಲ."

ಅಧ್ಯಕ್ಷರ ಮುಖ ಮೊದಲೇ ಬಿಳಿಚಿಕೊಂಡಿತ್ತು. ಮೇಡಂ ಫಿಟ್ಟರ್ ಕಡೆ ನೋಡಿದರು. ಫಿಟ್ಟರ್ ಮುಂದೆ ಬಂದು, ಅಧಿಕಾರಿಯ ಕಣ್ಣೆದುರಿಗೇ, ನಲ್ಲಿಯನ್ನು ಕಾಲು ಸುತ್ತು ತಿರುಗಿಸಿದರು.

ಅಧಿಕಾರಿ ಮತ್ತೆ ಗಡಿಯಾರ ನೋಡಿ, ಮತ್ತೆ ಬಕೆಟ್ ನೋಡಿ, "ಏಳೂವರೆ," ಎಂದು ಬರೆದುಕೊಂಡರು. ಆಮೇಲೆ ತಾವೇ ನಲ್ಲಿಯನ್ನು ಒಮ್ಮೆ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದರು.

"ಎಷ್ಟು ನಯವಾಗಿ ತಿರುಗ್ತದೆ ನೋಡಿ. ಬೇರೆ ಹಡಗುಗಳಲ್ಲಿ ಪ್ಲಾಸ್ಟಿಕ್ ನಲ್ಲಿ ಹಾಕಿರ್ತಾರೆ, ನೋಡೋದಕ್ಕೆ ಬೇಜಾರಾಗ್ತದೆ. ಇದನ್ನ ಮಾಡಿದ್ದು ಯಾರು?"

"ನಾನೇ ಸರ್," ಅಂದರು ಫಿಟ್ಟರ್.

"ಹಿತ್ತಾಳೆಗೆ ಹೊಳಪು?"

"ನಮ್ಮನೆಯವರು. ಎಡಗೈಲಿ."

ವರದಿಯಲ್ಲಿ ಅಧಿಕಾರಿ 'ಅತ್ಯುತ್ತಮವಾಗಿ ಸೋರುತ್ತಿದೆ' ಎಂದು ಬರೆದರು. ಅಂಥ ಷರಾ ಆ ವರ್ಷ ಬೇರೆ ಯಾವ ಹಡಗಿಗೂ ಸಿಕ್ಕಿರಲಿಲ್ಲ.

ಅಲ್ಲಿಂದ ಮುಂದೆ ಎಲ್ಲವೂ ಕ್ರಮಬದ್ಧವಾಯಿತು. ಫಿಟ್ಟರ್ ಬೆಳಗ್ಗೆ ಹತ್ತಕ್ಕೆ ಸೋರಿಕೆ ತೆರೆಯುತ್ತಾರೆ, ಸಂಜೆ ಐದಕ್ಕೆ ನಿಲ್ಲಿಸುತ್ತಾರೆ, ಒಳಬಂದ ನೀರನ್ನು ಹೊಸದಾಗಿ ಮಂಜೂರಾದ ವಿದ್ಯುತ್ ಪಂಪು ಅದೇ ಸಮುದ್ರಕ್ಕೆ ಹಿಂದಿರುಗಿಸುತ್ತದೆ. ಗೋಡೆಯ ಮೇಲೆ ಫಲಕ ತೂಗುಹಾಕಿದ್ದಾರೆ: 'ದಯವಿಟ್ಟು ಸೋರಿಕೆಯನ್ನು ಮುಟ್ಟಬೇಡಿ. ಸೋಮವಾರ ಸೋರಿಕೆಗೆ ರಜೆ.' ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ. ಫಿಟ್ಟರ್ ಹೆಂಡತಿಯ ಕೈ ಗುಣವಾಯಿತು. ಆಕೆ ವಿವರಣೆಯಲ್ಲಿ ನಲ್ಲಿಗೂ ಎರಡು ನಿಮಿಷ ಇಟ್ಟಿದ್ದಾರೆ. ಮೊದಮೊದಲು ನಲ್ಲಿ ತಿರುಗಿಸುವಾಗ ಫಿಟ್ಟರ್ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಒಂದು ದಿನ ಕಸ ಸಿಕ್ಕಿಕೊಂಡು ನೀರು ಸಣ್ಣದಾದಾಗ, "ಏನಾಯ್ತು ಇವತ್ತು ಇದಕ್ಕೆ, ಸರಿಯಾಗಿ ಸೋರ್ತಾನೇ ಇಲ್ಲ," ಎಂದು ಅವರು ಗೊಣಗಿದ್ದು ಹೆಂಡತಿಯ ಕಿವಿಗೆ ಬಿತ್ತು.

ಹೋದ ತಿಂಗಳು ಇನ್ನೊಂದು ಬಂದರಿನಿಂದ ಮೂವರು ಬಂದಿದ್ದರು. ಅಲ್ಲಿ ದೀಪಸ್ತಂಭಗಳಿಗೆ ಎಣ್ಣೆ ಸಾಗಿಸುತ್ತಿದ್ದ ಹಳೆಯ ಹಡಗೊಂದನ್ನು ಕಾಪಾಡುತ್ತಿರುವ ಸಂಘದವರು. ಮೂವರ ಮುಖವೂ ಬಾಡಿತ್ತು. ಎಷ್ಟು ಪ್ರಯತ್ನಪಟ್ಟರೂ ತಮ್ಮ ಹಡಗು ಸೋರುತ್ತಿಲ್ಲ, ಬಂದರಿನವರು ತೆರವಿಗೆ ದಿನ ಗೊತ್ತುಮಾಡಿದ್ದಾರೆ ಎಂದರು. ಅವರಲ್ಲಿ ಹಿರಿಯರೊಬ್ಬರು ಫಿಟ್ಟರ್ ಕೈ ಹಿಡಿದುಕೊಂಡು, "ನೀವು ಒಂದ್ಸಲ ಬಂದು ನೋಡಿದ್ರೆ ಸಾಕು," ಅಂದರು. ಮಂಡಳಿ ಫಿಟ್ಟರನ್ನು ತಜ್ಞರೆಂದು ಘೋಷಿಸಿ ಕಳಿಸಿಕೊಟ್ಟಿತು.

ಫಿಟ್ಟರ್ ಆ ಹಡಗಿನ ತಳಕ್ಕಿಳಿದು ಎರಡು ದಿನ ಸುತ್ತಿಗೆಯಿಂದ ತಗಡು ತಗಡನ್ನೂ ತಟ್ಟಿ, ಕಿವಿಯಿಟ್ಟು ಕೇಳಿದರು. ಎಲ್ಲ ಕಡೆಯೂ ಗಂಟೆಯಂಥ ನಾದ. ಒಂದು ರಿವೆಟ್ಟೂ ಸಡಿಲವಿರಲಿಲ್ಲ, ಒಂದು ಅಂಚೂ ತುಕ್ಕು ಹಿಡಿದಿರಲಿಲ್ಲ. ಎಪ್ಪತ್ತು ವರ್ಷದ ಹಿಂದೆ ಯಾರೋ ಮನಸ್ಸಿಟ್ಟು ಮಾಡಿದ ಕೆಲಸ.

"ಹೇಗಿದೆ?" ಎಂದು ಹಿರಿಯರು ಮೇಲಿನಿಂದ ಅಳುಕುತ್ತಲೇ ಕೇಳಿದರು.

"ತುಂಬಾ ಗಟ್ಟಿಯಾಗಿದೆ," ಅಂದರು ಫಿಟ್ಟರ್.

ಮೂವರೂ ತಲೆ ತಗ್ಗಿಸಿದರು.

ಫಿಟ್ಟರ್ ಎಡಮಗ್ಗುಲಿನ ತಗಡಿನ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ನಿಂತರು. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಎಲ್ಲಕ್ಕಿಂತ ಚೆನ್ನಾಗಿದ್ದ ಜಾಗದಲ್ಲಿ ಒಂದು ಸಣ್ಣ ಗುರುತು ಹಾಕಿ, ಡ್ರಿಲ್ ಕೊಡಿ ಎಂದು ಮೇಲಕ್ಕೆ ಕೈ ಚಾಚಿದರು.